ರಿಪೋರ್ಟಿನ ಕೊನೆಯ ಆ ಒಂದು ಅಂಕಿ

ಮಾನ್ಯರೇ,

ಹೋದ ತಿಂಗಳು ಪಕ್ಕದ ಮನೆಯ ಹುಡುಗ ರಾತ್ರಿ ಹತ್ತೂವರೆಗೆ ಬಾಗಿಲು ತಟ್ಟಿದ. ಕೈಯಲ್ಲಿ ಅವನ ಅಮ್ಮನ ಬ್ಲಡ್ ರಿಪೋರ್ಟ್. ಅವರಿಗೆ ಸ್ತನ ಕ್ಯಾನ್ಸರ್, ಕಿಮೋ ನಡೆಯುತ್ತಿದೆ. ಹಾಳೆಯ ಕೊನೆಯಲ್ಲಿ ‘ಎನ್‌ಎಲ್‌ಆರ್ 6.5’ ಎಂದು ದಪ್ಪಕ್ಷರದಲ್ಲಿತ್ತು. “ನಾಲ್ಕು ದಾಟಿದರೆ ಆಯಸ್ಸು ಕಮ್ಮಿ ಅಂತ ಮೊಬೈಲಲ್ಲಿ ಓದಿದೆ ಅಂಕಲ್, ನಿಜಾನಾ?” ಎಂದ. ಅಮ್ಮನಿಗೆ ಇನ್ನೂ ಹೇಳಿರಲಿಲ್ಲ, ಪುಣ್ಯ.

ನಾನು ಲ್ಯಾಬಿನಲ್ಲಿ ಮೂವತ್ತು ವರ್ಷ ಸ್ಲೈಡ್ ನೋಡಿದವನು. ಆಗ ನೂರು ಬಿಳಿ ರಕ್ತಕಣ ಎಣಿಸಿ, ಅದರಲ್ಲಿ ನ್ಯೂಟ್ರೋಫಿಲ್ ಎಂಬ ಬಗೆ ಇಷ್ಟು, ಲಿಂಫೋಸೈಟ್ ಎಂಬ ಬಗೆ ಇಷ್ಟು ಎಂದು ಬರೆಯುತ್ತಿದ್ದೆವು. ಈಗ ಎಣಿಸುವುದೂ ಯಂತ್ರವೇ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಎನ್‌ಎಲ್‌ಆರ್. ಇವರದು ನ್ಯೂಟ್ರೋಫಿಲ್ 78, ಲಿಂಫೋಸೈಟ್ 12.

ಹುಡುಗ ಓದಿದ್ದು ಪೂರ್ತಿ ಸುಳ್ಳಲ್ಲ. ಗಡ್ಡೆಯ ಸುತ್ತ ಉರಿಯೂತ ಹೆಚ್ಚಿದರೆ ನ್ಯೂಟ್ರೋಫಿಲ್ ಏರುತ್ತದೆ. ಕ್ಯಾನ್ಸರ್ ವಿರುದ್ಧ ಹೋರಾಡುವ ಲಿಂಫೋಸೈಟ್ ಇಳಿಯಬಹುದು. 2014ರಲ್ಲಿ 100 ಅಧ್ಯಯನಗಳ 40 ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ಒಟ್ಟು ಹಾಕಿದಾಗ, ಈ ಅನುಪಾತ ಜಾಸ್ತಿ ಇದ್ದ ಗುಂಪು ಒಟ್ಟಾರೆ ಕಡಿಮೆ ಕಾಲ ಬದುಕಿದ್ದು ಕಂಡಿತ್ತು. ಆದರೆ ಅದು ಗುಂಪಿನ ಮಾತು. ಈ ಮನೆಯ ಈ ಅಮ್ಮನ ಮಾತಲ್ಲ.

“ರಕ್ತ ಕೊಟ್ಟದ್ದು ಯಾವಾಗಪ್ಪಾ?” ಎಂದೆ. ಕಿಮೋ ಹಾಕಿಸಿದ ಮರುದಿನವಂತೆ. ವಾಂತಿ ಆಗದಿರಲಿ ಎಂದು ಡೆಕ್ಸಾಮೆಥಾಸೋನ್ ಕೊಟ್ಟಿದ್ದರು. ಅದು ಸ್ಟೀರಾಯ್ಡ್. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಇಳಿಯುತ್ತವೆ, ಲಿಂಫೋಸೈಟ್‌ಗಳು ರಕ್ತದಿಂದ ಹೊರಗೆ ಸರಿಯುತ್ತವೆ. ಅನುಪಾತ ಏರದೆ ಇನ್ನೇನಾಗುತ್ತದೆ? ಜ್ವರ, ಸೋಂಕು, ಆಪರೇಷನ್ ಆದರೂ ಹೀಗೇ. ಮುಂದಿನ ಕಿಮೋಗೆ ಮೊದಲು ನೋಡಿದಾಗ ಅದೇ ಅಂಕಿ 2.4. ಅದನ್ನು ನೋಡಿ ಹುಡುಗ ಕುಣಿಯಲು ಹೊರಟ, ಅದಕ್ಕೂ ಬೈದೆ.

ಹಾಗಂತ ಕೌಂಟ್‌ಗಳಿಗೆ ಬೆಲೆಯೇ ಇಲ್ಲ ಎಂದಲ್ಲ. ಮಕ್ಕಳ ರಕ್ತ ಕ್ಯಾನ್ಸರ್‌ನಲ್ಲಿ (ಎಎಲ್‌ಎಲ್) ಮೊದಲ ದಿನದ ಬಿಳಿ ರಕ್ತಕಣ 50,000 ದಾಟಿದೆಯೇ ಎಂದು ವೈದ್ಯರು ನೋಡಿಯೇ ನೋಡುತ್ತಾರೆ. ಹರಡಿದ ಮೂತ್ರಪಿಂಡದ ಕ್ಯಾನ್ಸರ್‌ನಲ್ಲಿ ಹಿಮೋಗ್ಲೋಬಿನ್, ನ್ಯೂಟ್ರೋಫಿಲ್, ಪ್ಲೇಟ್‌ಲೆಟ್ ಮೂರೂ ಲೆಕ್ಕಕ್ಕೆ ಬರುತ್ತವೆ. ಆದರೆ ಅಲ್ಲೂ ಅವು ಒಂಟಿಯಲ್ಲ, ವಯಸ್ಸು, ರೋಗಿಯ ಓಡಾಟದ ಶಕ್ತಿಯಂಥ ಬೇರೆ ಸಂಗತಿಗಳ ಜೊತೆಗೇ. ಇನ್ನು ಹಿಮೋಗ್ಲೋಬಿನ್ ಕಡಿಮೆ ಎಂದು ಹೆದರುವವರಿಗೆ ಒಂದು ಮಾತು: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆ ಇದೆ. ಕ್ಯಾನ್ಸರ್ ಬರುವ ಮೊದಲೇ ಇದ್ದ ಕೊರತೆಯೂ ಆ ಅಂಕಿಯಲ್ಲಿ ಸೇರಿರಬಹುದು, ಅಲ್ವಾ?

ಲ್ಯಾಬ್‌ನವರಲ್ಲಿ ನನ್ನ ಕೋರಿಕೆ ಇಷ್ಟೇ. ಎನ್‌ಎಲ್‌ಆರ್ ಅಚ್ಚು ಹಾಕುವುದಾದರೆ ಕೆಳಗೆ ಕನ್ನಡದಲ್ಲಿ ಒಂದು ಸಾಲು ಸೇರಿಸಿ: ‘ಔಷಧಿ, ಸೋಂಕಿನಿಂದ ಇದು ಬದಲಾಗುತ್ತದೆ, ನಿಮ್ಮ ವೈದ್ಯರನ್ನು ಕೇಳಿ.’ ಸ್ಯಾಂಪಲ್ ತೆಗೆಯುವಾಗ ಯಾವ ಮಾತ್ರೆ, ಯಾವತ್ತು ಕಿಮೋ ಎಂದೂ ಕೇಳಿ ಬರೆದುಕೊಳ್ಳಿ. ಶಾಯಿಯೇನೂ ಜಾಸ್ತಿ ಖರ್ಚಾಗುವುದಿಲ್ಲ.

— ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಹಾಸನ