ಒದ್ದೆ ಮರಳಲ್ಲಿ ಕಿರುಚುವ ಯಂತ್ರ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಸಮುದ್ರದ ದಡದ ಒಣ ಮರಳಿನಲ್ಲಿ ತೆಪ್ಪಗಿದ್ದ, ಲೋಹ ಹುಡುಕುವ ನಿನ್ನ ಡಿಟೆಕ್ಟರ್ ಅಲೆ ಬಂದುಹೋಗುವ ಜಾಗಕ್ಕೆ ಇಳಿದ ಕೂಡಲೇ ಕಿರುಚುತ್ತದೆ, ಅಂಗಡಿಯವನು ಕೆಟ್ಟ ಮಾಲು ಕೊಟ್ಟಿರಬೇಕು ಎಂದು ಬರೆದಿದ್ದೀಯ. ಮಾಲು ಸರಿಯಾಗಿಯೇ ಇದೆ. ಉಪ್ಪುನೀರು ವಿದ್ಯುತ್ ಹಾಯಿಸುತ್ತದೆ, ನಿನ್ನ ಯಂತ್ರ ಅದನ್ನೂ ಲೋಹದ ಲೆಕ್ಕಕ್ಕೆ ಹಾಕಿಕೊಳ್ಳುತ್ತಿದೆ, ಅಷ್ಟೇ.

ಕೋಲಿನ ತುದಿಯಲ್ಲಿರುವ ತಟ್ಟೆಯೇ ಕಾಯಿಲ್. ಅದರೊಳಗಿನ ಒಂದು ಸುರುಳಿ ಮರಳಿನೊಳಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿ ಸುಳಿಯಂತೆ ವಿದ್ಯುತ್ ಹರಿದು ಇನ್ನೊಂದು ಕ್ಷೇತ್ರ ಹುಟ್ಟುತ್ತದೆ, ಎರಡನೆಯ ಸುರುಳಿ ಅದನ್ನು ಹಿಡಿಯುತ್ತದೆ. ಆ ಉತ್ತರ ಎಷ್ಟು ತಡವಾಗಿ ಬಂತು ಎಂಬುದನ್ನು ನೋಡಿ ಪರದೆಯ ಮೇಲೆ ಸಂಖ್ಯೆ ಬೀಳುತ್ತದೆ. ಉಪ್ಪುನೀರಿನ ಉತ್ತರ ತೀರಾ ಸಣ್ಣದು, ಆದರೆ ಕಾಯಿಲ್‌ನ ಕೆಳಗೆ ತುಂಬ ಹರಡಿಕೊಂಡಿರುವುದು ಅದೇ. ಎಲ್ಲ ಸೇರಿ ದೊಡ್ಡ ಸದ್ದಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಸಂಖ್ಯೆಗಳ ಸಾಲಿನಲ್ಲಿ ಉಪ್ಪು ಕೂರುವ ಜಾಗದ ಪಕ್ಕದಲ್ಲೇ ತೆಳುವಾದ ಚಿನ್ನವೂ ಕೂರುತ್ತದೆ. ಉಪ್ಪಿನ ಬಾಯಿ ಪೂರ್ತಿ ಮುಚ್ಚಿಸಿದರೆ ಸಣ್ಣ ಚಿನ್ನದ ಬಾಯಿಯೂ ಮುಚ್ಚುತ್ತದೆ.

ನಿನ್ನದು ಒಂದೇ ಫ್ರೀಕ್ವೆನ್ಸಿಯ ಯಂತ್ರ. ಒಣ ಮರಳಿಗೆ ಅದು ಧಾರಾಳ ಸಾಕು, ಒದ್ದೆಯಲ್ಲಿ ತಿಣುಕುತ್ತದೆ. ಮೈನ್‌ಲ್ಯಾಬ್ ಇಕ್ವಿನಾಕ್ಸ್, ಎಕ್ಸ್‌ಪಿ ಡೀಯಸ್ 2, ನೋಕ್ಟಾ ಲೆಜೆಂಡ್‌ನಂಥವು ಏಕಕಾಲಕ್ಕೆ ಹಲವು ಫ್ರೀಕ್ವೆನ್ಸಿಗಳಲ್ಲಿ ಕೆಲಸ ಮಾಡಿ, ಉತ್ತರಗಳನ್ನು ಹೋಲಿಸಿ ಉಪ್ಪನ್ನು ಕಳೆಯುತ್ತವೆ. ಪಲ್ಸ್ ಇಂಡಕ್ಷನ್ ಎಂಬ ಜಾತಿಯವು ಒಂದು ಮಿಡಿತ ಕಳಿಸಿ, ಕೆಲವು ಮೈಕ್ರೋಸೆಕೆಂಡ್ ಸುಮ್ಮನಿದ್ದು ಆಮೇಲೆ ಕಿವಿ ತೆರೆಯುತ್ತವೆ. ಅಷ್ಟರಲ್ಲಿ ಉಪ್ಪಿನ ಉತ್ತರ ಅಡಗಿರುತ್ತದೆ. ಆಳಕ್ಕೂ ಅವು ಒಳ್ಳೆಯವು. ಆದರೆ ಕಬ್ಬಿಣ ಯಾವುದು, ಚಿನ್ನ ಯಾವುದು ಎಂದು ಹೇಳುವುದರಲ್ಲಿ ತೀರಾ ದುರ್ಬಲ, ಪ್ರತಿ ಮೊಳೆಗೂ ಅಗೆಯಬೇಕು. ಈಗಲೇ ಹೊಸದನ್ನು ಕೊಳ್ಳುವ ಆತುರ ಬೇಡ. ಇರುವುದರ ಸದ್ದು ಕಿವಿಗೆ ಒಗ್ಗದೆ ದುಬಾರಿಯದನ್ನು ತಂದರೆ ಅದೂ ಹೀಗೇ ಕಿರುಚುತ್ತದೆ.

ಮೊದಲು ಕಿರುಚಾಟ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡು. ಕಾಯಿಲ್ಲನ್ನು ಸೊಂಟದೆತ್ತರಕ್ಕೆ ಎತ್ತಿ ಅಲ್ಲಾಡಿಸದೆ ಹಿಡಿ. ಆಗಲೂ ಚಟಪಟ ಅಂದರೆ ಅದು ಗಾಳಿಯಲ್ಲಿ ಬರುವ ಅಡಚಣೆ: ಕರೆಂಟಿನ ತಂತಿ, ಜೇಬಿನ ಮೊಬೈಲು, ಪಕ್ಕದಲ್ಲೇ ಹುಡುಕುತ್ತಿರುವ ಇನ್ನೊಬ್ಬನ ಡಿಟೆಕ್ಟರ್. ನಾಯ್ಸ್ ಕ್ಯಾನ್ಸಲ್ ಇದ್ದರೆ ಒತ್ತು, ಇಲ್ಲದಿದ್ದರೆ ಚಾನೆಲ್ ಬದಲಿಸು. ಮೇಲೆ ಸುಮ್ಮನಿದ್ದು ಮರಳಿಗೆ ಹತ್ತಿರವಾದಾಗ ಮಾತ್ರ ಕೂಗಿದರೆ ನೆಲದ ತೊಂದರೆ, ಗ್ರೌಂಡ್ ಬ್ಯಾಲೆನ್ಸ್ ಮಾಡಬೇಕು, ಅಂದರೆ ನೆಲದ ಸದ್ದನ್ನು ಯಂತ್ರ ಲೆಕ್ಕದಿಂದ ಬಿಡುವಂತೆ ಹೊಂದಿಸಬೇಕು. ಲೋಹವಿಲ್ಲದ ಒಂದು ತುಣುಕು ಒದ್ದೆ ಮರಳು ಹುಡುಕಿಕೊಂಡು, ಗುಂಡಿ ಒತ್ತಿಹಿಡಿದು, ಕಾಯಿಲ್ಲನ್ನು 3 ಸೆಂಟಿಮೀಟರ್‌ನಿಂದ 20 ಸೆಂಟಿಮೀಟರ್‌ವರೆಗೆ ಮೇಲೆ ಕೆಳಗೆ ಆಡಿಸು, ಸದ್ದು ಸಮನಾಗುವ ತನಕ. ಒಣ ಮರಳಲ್ಲಿ ಮಾಡಿದ ಬ್ಯಾಲೆನ್ಸ್ ಒದ್ದೆಯಲ್ಲಿ ನಡೆಯದು. ಜಾಗ ಬದಲಾದಾಗಲೆಲ್ಲ ಮತ್ತೆ ಮಾಡಬೇಕು. ಬೀಸುವ ದಿಕ್ಕು ಬದಲಿಸುವಾಗ, ಇಲ್ಲವೇ ಏನಕ್ಕಾದರೂ ತಗುಲಿದಾಗ ಮಾತ್ರ ಕೂಗಿದರೆ ಕೇಬಲ್ ನೋಡು. ಅದು ಕೋಲಿಗೆ ಬಿಗಿಯಾಗಿ ಸುತ್ತಿರಬೇಕು, ಕಾಯಿಲ್‌ನ ಬಳಿ ಜೋತಾಡಬಾರದು. ಕಾಯಿಲ್‌ನ ಅಡಿಗೆ ಹಾಕುವ ಪ್ಲಾಸ್ಟಿಕ್ ಕವಚದೊಳಗೆ ಒದ್ದೆ ಮರಳು ಸೇರಿಕೊಂಡರೂ ಇದೇ ಗೋಳು, ಅದರಲ್ಲೂ ಕಪ್ಪು ಮರಳು. ಅದರಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ ಇರುತ್ತದೆ.

ಇಷ್ಟಾದ ಮೇಲೂ ಸದ್ದಿದ್ದರೆ ಸೆನ್ಸಿಟಿವಿಟಿ, ಅಂದರೆ ಯಂತ್ರದ ಕಿವಿಯ ಚುರುಕು, ಇಳಿಸು. ಹೊಸಬರಿಗೆ ಇದು ಜೀವ ಹೋದಷ್ಟು ಕಷ್ಟ, ಆಳ ಕಡಿಮೆಯಾಗುತ್ತದಲ್ಲ ಎಂದು. ಗದ್ದಲದ ನಡುವೆ ಆಳದ ಸಣ್ಣ ಸದ್ದು ಹೇಗೂ ಕೇಳುವುದಿಲ್ಲ. ಹೆಚ್ಚಿನ ಯಂತ್ರಗಳಲ್ಲಿ ಗರಿಷ್ಠದ ಮುಕ್ಕಾಲು ಭಾಗದಿಂದ ಶುರುಮಾಡಿ, ಸುಳ್ಳು ಸದ್ದು ನಿಲ್ಲುವವರೆಗೆ ಒಂದೊಂದೇ ಮೆಟ್ಟಿಲು ಇಳಿಸುವುದು ಸರಿಯಾದ ದಾರಿ.

ಮೈಮೇಲಿನ ಲೋಹವನ್ನೂ ಮರೆಯಬೇಡ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಬಿದ್ದಾಗ, ದೇಹದೊಳಗಿನ ಗುಂಡು ಎಲ್ಲಿದೆ ಎಂದು ಹುಡುಕಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದ್ದೇ ಒಂದು ಯಂತ್ರ ಕಟ್ಟಿಕೊಂಡು ಹೋಗಿದ್ದ. ಸಿಗಲಿಲ್ಲ. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳು ಗೊಂದಲವೆಬ್ಬಿಸಿದವು ಎಂಬುದು ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ನಿನ್ನ ವಿಷಯದಲ್ಲಿ ಸ್ಪ್ರಿಂಗಿನ ಜಾಗದಲ್ಲಿ ಉಕ್ಕಿನ ಮೂತಿಯ ಬೂಟು, ಕೈಬೆರಳ ಉಂಗುರ, ಕಾಯಿಲ್‌ಗೆ ತೀರಾ ಹತ್ತಿರ ಹಿಡಿದ ಸ್ಕೂಪ್, ಅಂದರೆ ಮರಳು ಅಗೆದು ಜರಡಿ ಹಿಡಿಯುವ ತೂತಿನ ಸಲಿಕೆ.

ಬೀಸುವುದನ್ನು ನಿಧಾನವಾಗಿ ಕಲಿ. ಕಾಯಿಲ್ ಮರಳಿಗೆ 2-3 ಸೆಂಟಿಮೀಟರ್ ಮೇಲೆ, ಸಮಾನಾಂತರವಾಗಿ ಹೋಗಬೇಕು. ಎಲ್ಲರೂ ಮಾಡುವ ತಪ್ಪೆಂದರೆ ಎರಡೂ ತುದಿಯಲ್ಲಿ ಅದನ್ನು ಗಡಿಯಾರದ ಲೋಲಕದಂತೆ ಮೇಲಕ್ಕೆತ್ತುವುದು. ಅಲ್ಲಿ ಆಳವೂ ಹೋಯಿತು, ಒದ್ದೆ ಮರಳಿನಿಂದ ದೂರ ಬದಲಾಗಿ ಸುಳ್ಳು ಸದ್ದೂ ಬಂತು. ಒಂದು ಬೀಸಿಗೂ ಮುಂದಿನ ಬೀಸಿಗೂ ಅರ್ಧ ಕಾಯಿಲ್‌ನಷ್ಟು ಹೆಜ್ಜೆ, ಅದಕ್ಕಿಂತ ಹೆಚ್ಚು ಬೇಡ. ನಡೆಯುವಾಗ ಸ್ಕೂಪಿನ ಹಿಡಿಯನ್ನು ಮರಳಲ್ಲಿ ಎಳೆದುಕೊಂಡು ಹೋಗು. ವಾಪಸ್ ಬರುವ ಸಾಲಿಗೆ ಆ ಗೀರೇ ಗುರುತು. ಹೆಡ್‌ಫೋನ್ ಕಡ್ಡಾಯ, ಅಲೆಯ ಮೊರೆತದಲ್ಲಿ ಆಳದ ಪಿಸುಸದ್ದು ಸ್ಪೀಕರಿನಿಂದ ಕೇಳಿಸದು.

ಈಗ ಕಸದ ವಿಷಯ. ಡಿಸ್ಕ್ರಿಮಿನೇಷನ್ (ಬೇಡದ ಲೋಹದ ಸದ್ದು ಅಡಗಿಸುವ ಸೌಲಭ್ಯ) ಹಾಕಿ ಬೇಗಡೆ, ಕ್ಯಾನ್‌ನ ಎಳೆಯುವ ಕೊಂಡಿ ಎಲ್ಲವನ್ನೂ ಬಿಟ್ಟುಬಿಡಬಹುದೇ ಎಂದು ಕೇಳಿದ್ದೀಯ. ಬಿಡಬೇಡ. ತೆಳು ಉಂಗುರ ಬೇಗಡೆಯ ಸಂಖ್ಯೆಯಲ್ಲಿ, ಮಧ್ಯಮ ಗಾತ್ರದ್ದು ಕ್ಯಾನ್ ಕೊಂಡಿಯ ಸಂಖ್ಯೆಯಲ್ಲಿ ಬೀಳುತ್ತದೆ. ಯಂತ್ರ ಅಳೆಯುವುದು ವಿದ್ಯುತ್ ಸುಳಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು. ಲೋಹದ ಜಾತಿಯ ಜೊತೆಗೆ ಗಾತ್ರ, ದಪ್ಪ, ಆಕಾರವೂ ಅದರಲ್ಲಿ ಸೇರಿಕೊಳ್ಳುತ್ತವೆ. ಹಾಗಾಗಿ ಕೊಂಡಿಯನ್ನು ಬಿಟ್ಟವನು ಉಂಗುರವನ್ನೂ ಬಿಟ್ಟ ಹಾಗೆ. ಮುಚ್ಚಿದ ಉಂಗುರ ತನ್ನ ತೂಕಕ್ಕೆ ಮೀರಿ ಕೂಗುತ್ತದೆ, ಏಕೆಂದರೆ ಸುಳಿ ಹರಿಯಲು ಪೂರ್ತಿ ಸುತ್ತು ಸಿಗುತ್ತದೆ. ಅದೇ ಉಂಗುರ ಒಂದು ಕಡೆ ತುಂಡಾಗಿದ್ದರೆ ಸದ್ದು ಬಿದ್ದುಹೋಗುತ್ತದೆ. ತೆಳು ಸರ ಇನ್ನೂ ಕಷ್ಟ: ಒಂದೊಂದು ಕೊಂಡಿಯೂ ಬೇರೆ ಬೇರೆ ಸಣ್ಣ ಲೋಹವಾಗಿ ಕಾಣುತ್ತದೆ, ಹೆಚ್ಚಿನ ಸಲ ಯಂತ್ರಕ್ಕೆ ಸಿಗುವುದು ಕೊಕ್ಕೆ ಅಥವಾ ಪದಕ ಮಾತ್ರ.

ಕಬ್ಬಿಣವನ್ನು ಮಾತ್ರ ಬಿಡಬಹುದು, ಅದೂ ಸದ್ದು ಕೇಳಿ. ಮೊಳೆಯ ಮೇಲೆ ಒಂದು ದಿಕ್ಕಿನಲ್ಲಿ ಬೀಸಿದಾಗ ಚೆನ್ನಾಗಿ ಕೂಗಿದ್ದು, 90 ಡಿಗ್ರಿ ತಿರುಗಿ ಬೀಸಿದಾಗ ಒಡೆದು ಹೋಗುತ್ತದೆ. ಸೋಡಾ ಬಾಟಲಿಯ ಉಕ್ಕಿನ ಬಿರಡೆ ಇದಕ್ಕಿಂತ ಮೋಸಗಾರ. ದುಂಡಗಿರುವುದರಿಂದ ಯಾವ ದಿಕ್ಕಿನಿಂದಲೂ ನಾಣ್ಯದಂತೆ ಕೂಗುತ್ತದೆ. ಅದರ ಗುಟ್ಟು ಅಂಚಿನಲ್ಲಿದೆ: ಕಾಯಿಲ್ಲನ್ನು ಹಿಂದಕ್ಕೆಳೆದು ಅದರ ಮೂತಿ ಮಾತ್ರ ಸದ್ದಿನ ಮೇಲೆ ಹಾಯುವಂತೆ ಬೀಸಿದರೆ ಕಬ್ಬಿಣದ ಗೊರಗೊರ ಕೇಳುತ್ತದೆ, ಸಂಖ್ಯೆಯೂ ಕುಣಿಯುತ್ತದೆ. ನಾಣ್ಯದ ಸಂಖ್ಯೆ ಅಷ್ಟೊಂದು ಕುಣಿಯುವುದಿಲ್ಲ. ಅನುಮಾನವಿದ್ದರೆ ಅಗೆ, ಮರಳು ತಾನೇ.

ಎಲ್ಲಿ ಅಗೆಯಬೇಕೆಂಬುದಕ್ಕೂ ಇದೇ ಉಪಾಯ. D ಆಕಾರದ ಎರಡು ಸುರುಳಿಗಳು ನಡುವೆ ಒಂದರ ಮೇಲೊಂದು ಕೂರುವ ಡಿಡಿ ಕಾಯಿಲ್‌ನ ಹಿಡಿತ ಹಿಮ್ಮಡಿಯಿಂದ ಮೂತಿಯವರೆಗಿನ ನಡುಗೆರೆಯಲ್ಲಿರುತ್ತದೆ. ಸದ್ದಿನ ಮೇಲೆ ಚಿಕ್ಕ ಚಿಕ್ಕದಾಗಿ ಬೀಸುತ್ತ ಹಿಂದಕ್ಕೆಳೆದುಕೊ; ಸದ್ದು ನಿಂತ ಕ್ಷಣದಲ್ಲಿ ವಸ್ತು ಮೂತಿಯ ತುದಿಯ ಮುಂದೆಯೇ ಇರುತ್ತದೆ. ಸ್ಕೂಪನ್ನು ಅದಕ್ಕಿಂತ ಒಂದು ಗೇಣು ಹಿಂದೆ ಇಳಿಸು, ನೇರ ಅದರ ಮೇಲೆಯೇ ಚುಚ್ಚಿದರೆ ಉಂಗುರಕ್ಕೆ ಗೀರು ಬೀಳುತ್ತದೆ. ಎತ್ತಿದ ಮರಳನ್ನು ಪಕ್ಕಕ್ಕೆ ಸುರಿದು ಗುಂಡಿಯ ಮೇಲೆ ಮತ್ತೆ ಬೀಸು. ಸದ್ದು ಇನ್ನೂ ಗುಂಡಿಯಲ್ಲೇ ಇದೆಯೋ, ರಾಶಿಗೆ ಬಂತೋ ತಿಳಿಯುತ್ತದೆ. ಒಂದು ಸಿಕ್ಕ ಮೇಲೂ ಮತ್ತೊಮ್ಮೆ ನೋಡು. ಜೇಬಿನಿಂದ ಬಿದ್ದದ್ದು ಒಂದೇ ಆಗಿರಬೇಕಿಲ್ಲ. ಒದ್ದೆ ಮರಳಿಗೆ ಉದ್ದ ಹಿಡಿಯ ಸ್ಟೀಲ್ ಸ್ಕೂಪೇ ಬೇಕು, ಪ್ಲಾಸ್ಟಿಕ್ಕಿನದು ಮುರಿಯುತ್ತದೆ. ತೂತು ದೊಡ್ಡದಿದ್ದರೆ ಮರಳು ಬೇಗ ಉದುರುತ್ತದೆ, ಕಿವಿಯೋಲೆಯೂ ಉದುರುತ್ತದೆ.

ಇನ್ನು ಜಾಗ. ನನ್ನ ಮಟ್ಟಿಗೆ ಈ ಕೆಲಸದ ಮುಕ್ಕಾಲು ಪಾಲು ಇದೇ. ಒಣ ಮರಳಲ್ಲಿ ಬಿದ್ದದ್ದು ಬಿದ್ದಲ್ಲೇ ಇರುತ್ತದೆ. ಜನ ಟವೆಲ್ ಹಾಸುವ ಸಾಲು, ಚೆಂಡಾಡುವ ಜಾಗ, ಮೆಟ್ಟಿಲ ಬುಡ ನೋಡಿದರಾಯಿತು. ಒದ್ದೆಯಲ್ಲಿ ಹಂಚುವವನು ಸಮುದ್ರ, ಅವನು ಹಂಚುವುದು ಸಾಂದ್ರತೆಯ ಮೇಲೆ. ನೀರಿಗೆ ಹೋಲಿಸಿದರೆ ಮರಳು ಸುಮಾರು 2.65 ಪಟ್ಟು ಭಾರ, ಅಲ್ಯುಮಿನಿಯಂ 2.7, ಬೆಳ್ಳಿ 10.5, ಸೀಸ 11.3, ಶುದ್ಧ ಚಿನ್ನ 19.3. ಅಂದರೆ ಅಲ್ಯುಮಿನಿಯಂ ಮರಳಿನ ಜೊತೆ ಮರಳಿನಂತೆಯೇ ಓಡಾಡುತ್ತದೆ, ಸೀಸ ಚಿನ್ನಗಳು ಕೆಳಗಿಳಿದು ಗಟ್ಟಿ ಪದರದ ಮೇಲೆ ಕೂರುತ್ತವೆ. ಬರೀ ಬೇಗಡೆ, ಕ್ಯಾನ್ ಕೊಂಡಿ ಸಿಗುತ್ತಿದ್ದರೆ ಅಲ್ಲಿ ಹೊಸ ಮರಳು ತುಂಬಿಕೊಂಡಿದೆ, ಮುಂದೆ ನಡೆ. ಗಾಳದ ಸೀಸದ ಗುಂಡು, ನಾಣ್ಯ, ದುಂಡು ಕಲ್ಲು ಒಟ್ಟಿಗೆ ಸಿಗತೊಡಗಿದರೆ ನಿಲ್ಲು, ಬೀಸು ಇನ್ನಷ್ಟು ನಿಧಾನ ಮಾಡು, ಅದೇ ಸಾಲನ್ನು ಎರಡೂ ದಿಕ್ಕಿನಲ್ಲಿ ನೋಡು. ಬಿರುಗಾಳಿಯ ಅಲೆಗಳು ಮರಳನ್ನು ಕೊಚ್ಚಿ ದಡದಲ್ಲಿ ಮೊಣಕಾಲೆತ್ತರದ ಗೋಡೆ ಬಿಟ್ಟಿದ್ದರೆ ಅದರ ಬುಡವೇ ಮೊದಲ ಜಾಗ. ತಡಮಾಡಬೇಡ, ಶಾಂತ ಅಲೆಗಳು ಮರಳನ್ನು ವಾಪಸ್ ತಂದು ಮುಚ್ಚಿಬಿಡುತ್ತವೆ.

ಹೆಚ್ಚಿನ ಕರಾವಳಿಗಳಲ್ಲಿ ಸಮುದ್ರದ ನೀರಿನ ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಳಿತದ ಹೊತ್ತು ದಿನಕ್ಕೆ 50 ನಿಮಿಷದಷ್ಟು ಮುಂದೆ ಹೋಗುತ್ತದೆ. ಇಳಿತಕ್ಕೆ ಎರಡು ಗಂಟೆ ಮೊದಲು ಹೋಗಿ, ನೀರಿನ ಜೊತೆ ಇಳಿದು, ನೀರು ತಿರುಗಿದಾಗ ನೀನೂ ತಿರುಗು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ದೂರ ಸರಿಯುತ್ತದೆ, ಅಷ್ಟೇ ದೂರ ವಾಪಸ್ಸೂ ಬರುತ್ತದೆ. ಅಲೆಗೆ ಬೆನ್ನು ಹಾಕಿ ಅಗೆಯಬೇಡ.

ಗಾಳದ ಕೊಕ್ಕೆ, ಗಾಜು, ಸೂಜಿ ಇರುತ್ತವೆ, ಕೈಗವಸು ಹಾಕಿಕೊ. ತುಕ್ಕು ಹಿಡಿದ ಫಿರಂಗಿ ಶೆಲ್ಲಿನಂಥದ್ದು ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ಹೇಳು. ಅನುಮತಿ ಬೇಕೇ, ಸಿಕ್ಕಿದ್ದು ಯಾರದು ಎಂಬ ಕಾನೂನು ದಡದಿಂದ ದಡಕ್ಕೆ ಬೇರೆ, ಹೋಗುವ ಮುಂಚೆ ಕೇಳಿಕೊ. ಹೆಸರೋ ತಾರೀಖೋ ಕೆತ್ತಿದ ಉಂಗುರ ಸಿಕ್ಕರೆ ಅದಕ್ಕೊಬ್ಬ ವಾರಸುದಾರ ಇದ್ದೇ ಇರುತ್ತಾನೆ, ಹುಡುಕು. ಗುಂಡಿ ಮುಚ್ಚು. ಮನೆಗೆ ಬಂದು ಕಾಯಿಲ್‌ನ ಕವಚ ಬಿಚ್ಚಿ, ಕೋಲಿನ ಕೀಲು ಬಿಡಿಸಿ, ಎಲ್ಲವನ್ನೂ ಸಿಹಿನೀರಲ್ಲಿ ತೊಳೆ. ನಿಯಂತ್ರಣ ಪೆಟ್ಟಿಗೆ ನೀರಿಗೆ ತಡೆಯುತ್ತದೆಯೇ ಎಂದು ಕೈಪಿಡಿ ನೋಡದೆ ಅದರ ಮೇಲೆ ನೀರು ಬಿಡಬೇಡ, ಎಷ್ಟೋ ಯಂತ್ರಗಳಲ್ಲಿ ಕಾಯಿಲ್ ಮಾತ್ರ ನೀರಿಗಿಳಿಯುವಂಥದ್ದು.

ಮುಂದಿನ ಸಲ ಹೆಕ್ಕಿದ ಕಸವನ್ನು ಎಸೆಯುವ ಮೊದಲು ಎರಡು ಪಾಲು ಮಾಡಿ ನನಗೆ ಬರೆ: ಅಲ್ಯುಮಿನಿಯಂ ಎಷ್ಟು, ಸೀಸ-ನಾಣ್ಯ ಎಷ್ಟು, ನೀರಿನಂಚಿನಿಂದ ಎಷ್ಟು ಹೆಜ್ಜೆ ದೂರದಲ್ಲಿ. ಅದನ್ನು ನೋಡಿ ಆ ದಡದಲ್ಲಿ ಯಾವ ಸಾಲು ಹಿಡಿಯಬೇಕೆಂದು ಹೇಳುತ್ತೇನೆ.

ನಿನ್ನ ಗೆಳೆಯ