ಒಂದು ರೇಡಿಯೇಟರನ್ನಾದರೂ ಬಿಟ್ಟುಬಿಡಿ

ಸಂಪಾದಕರಿಗೆ ನಮಸ್ಕಾರ.

ಮನೆಯ ಸೆಂಟ್ರಲ್ ಹೀಟಿಂಗ್, ಅಂದರೆ ಬಾಯ್ಲರಿನಲ್ಲಿ ಕಾಯಿಸಿದ ನೀರನ್ನು ಪೈಪುಗಳಲ್ಲಿ ರೂಮು ರೂಮಿನ ರೇಡಿಯೇಟರಿಗೆ ಹರಿಸಿ ಮನೆ ಬೆಚ್ಚಗಿಡುವ ಏರ್ಪಾಡಿನ ಬಗ್ಗೆ ನೀವು ಹಾಕಿದ್ದ ಲೇಖನ ಓದಿದೆ. ಪ್ರತಿ ರೇಡಿಯೇಟರಿಗೂ ಥರ್ಮೋಸ್ಟಾಟ್ ವಾಲ್ವ್ (ರೂಮಿನ ಬಿಸಿ ನೋಡಿಕೊಂಡು ನೀರು ಬಿಡುವ, ನಿಲ್ಲಿಸುವ ವಾಲ್ವ್) ಹಾಕಿಸಿ, ರೂಮಿಗೊಂದು ಶಾಖ ಇಟ್ಟುಕೊಳ್ಳಿ ಅಂತ ಬರೆದಿದ್ದೀರಿ. ಒಳ್ಳೆಯ ಮಾತೇ. ಆದರೆ ಆ ‘ಪ್ರತಿ’ ಅನ್ನುವ ಪದಕ್ಕೇ ನನ್ನ ತಕರಾರು.

ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಹಾಲಿನ (ನಡುಮನೆಯ) ಗೋಡೆ ಮೇಲೆ ಬಾಯ್ಲರಿನ ಥರ್ಮೋಸ್ಟಾಟ್ ಇದೆ, ಅಲ್ಲಿನ ಬಿಸಿ ನೋಡಿ ಬಾಯ್ಲರನ್ನು ಹೊತ್ತಿಸುವುದು, ಆರಿಸುವುದು ಅದರ ಕೆಲಸ. ಅದನ್ನು 20 ಡಿಗ್ರಿಗೆ ಇಟ್ಟಿದ್ದೆವು. ಕೆಲಸಕ್ಕೆ ಬಂದವರು ಹಾಲಿನ ರೇಡಿಯೇಟರನ್ನೂ ಬಿಡದೆ ಎಲ್ಲಕ್ಕೂ ವಾಲ್ವ್ ಕೂರಿಸಿ ಹೋದರು. ಹಾಲು 19 ಡಿಗ್ರಿ ಮುಟ್ಟುತ್ತಿದ್ದ ಹಾಗೆ ಅಲ್ಲಿನ ವಾಲ್ವ್ ‘ಸಾಕು’ ಅಂತ ಬಾಗಿಲು ಹಾಕಿಕೊಳ್ಳುತ್ತಿತ್ತು. ಗೋಡೆ ಮೇಲಿನದು ‘ಇನ್ನೂ ಒಂದು ಡಿಗ್ರಿ ಬೇಕು’ ಅಂತ ಬಾಯ್ಲರಿಗೆ ಹೇಳುತ್ತಲೇ ಇತ್ತು. ಆ ಒಂದು ಡಿಗ್ರಿ ಎಲ್ಲಿಂದ ಬರಬೇಕು? ರಾತ್ರಿಯಿಡೀ ಬಾಯ್ಲರ್ ಹತ್ತುವುದು, ಆರುವುದು, ಮತ್ತೆ ಹತ್ತುವುದು. ಪೈಪುಗಳಲ್ಲಿ ಸುಯ್ ಅನ್ನೋ ಸದ್ದು ಬೇರೆ. ಒಂದೇ ಮನೆಗೆ ಇಬ್ಬರು ಯಜಮಾನರಾದರೆ ಇನ್ನೇನಾಗುತ್ತದೆ ಹೇಳಿ.

ಈ ವಾಲ್ವಿನ ಒಳಗೆ ದೊಡ್ಡ ಮಾಯೆ ಏನಿಲ್ಲ. ಅದರ ತಲೆಯ, ಅಂದರೆ ತಿರುಗಿಸುವ ನಾಬಿನ ಒಳಗೆ ಮೇಣವೋ ದ್ರವವೋ ತುಂಬಿದ ಪುಟ್ಟ ಡಬ್ಬಿ ಇರುತ್ತದೆ. ರೂಮಿನ ಗಾಳಿ ಬಿಸಿಯಾದರೆ ಅದು ಹಿಗ್ಗಿ ಕೆಳಗಿನ ಪಿನ್ ಒತ್ತುತ್ತದೆ, ಬಿಸಿನೀರು ನಿಲ್ಲುತ್ತದೆ. ತಣ್ಣಗಾದರೆ ಕುಗ್ಗುತ್ತದೆ, ಸ್ಪ್ರಿಂಗ್ ಪಿನ್ನನ್ನು ಮೇಲೆ ತಳ್ಳುತ್ತದೆ, ನೀರು ಹರಿಯುತ್ತದೆ. ಡೆನ್ಮಾರ್ಕಿನ ಇಂಜಿನಿಯರ್ ಮ್ಯಾಡ್ಸ್ ಕ್ಲಾಸನ್ 1943ರಲ್ಲೇ ಕಂಡುಕೊಂಡಿದ್ದ ಉಪಾಯ ಇದು, ಕರೆಂಟೂ ಬೇಡ ಬ್ಯಾಟರಿಯೂ ಬೇಡ. ನಾಬ್ ಮೇಲಿನ 3 ಅಂದರೆ ಸುಮಾರು 20 ಡಿಗ್ರಿ. ಚಳಿ ಅಂತ 5ಕ್ಕೆ ತಿರುಗಿಸಿದರೆ ರೂಮು ಬೇಗ ಬಿಸಿಯಾಗುವುದಿಲ್ಲ, ಜಾಸ್ತಿ ಹೊತ್ತು ಬಿಸಿಯಾಗುತ್ತಾ ಹೋಗುತ್ತದೆ ಅಷ್ಟೆ. ಇದು ನಲ್ಲಿ ಅಲ್ಲ ಅಂತ ನಮ್ಮ ಮನೆಯವರಿಗೆ ಎಷ್ಟು ಸಲ ಹೇಳಿದ್ದೇನೋ!

ಅಂದರೆ ಈ ವಾಲ್ವಿಗೆ ‘ಸಾಕು’ ಅನ್ನಲು ಬರುತ್ತದೆ, ‘ಬೇಕು’ ಅನ್ನಲು ಬರುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹಾಲು ಬೆಚ್ಚಗಾಗಿ ಬಾಯ್ಲರ್ ನಿಂತುಬಿಟ್ಟರೆ, ಹಿಂದಿನ ರೂಮಿನಲ್ಲಿ ನಡುಗುತ್ತಾ ಕೂತವರು ನಾಬನ್ನು ಎಲ್ಲಿಗೆ ತಿರುಗಿಸಿದರೂ ಸುಮ್ನೆ. ಸ್ಮಾರ್ಟ್ ವಾಲ್ವುಗಳಲ್ಲೂ ಎರಡು ಜಾತಿ ಇವೆ. ಒಂದು ಬರೀ ಟೈಮ್ ನೋಡಿಕೊಂಡು ತೆರೆದು ಮುಚ್ಚುತ್ತದೆ. ಇನ್ನೊಂದು ಬಾಯ್ಲರಿಗೆ ಸಿಗ್ನಲ್ ಕಳಿಸಿ ‘ನನ್ನ ರೂಮಿಗೆ ಬಿಸಿ ಬೇಕು’ ಅಂತ ಕೇಳುತ್ತದೆ. ಈ ಎರಡನೆಯದಾದರೆ ಎಲ್ಲಾ ರೂಮಿಗೂ ಹಾಕಿಸಿಕೊಳ್ಳಿ, ನನ್ನದೇನೂ ತಕರಾರಿಲ್ಲ. ಆದರೆ ಎಲ್ಲವೂ ಒಟ್ಟಿಗೆ ಮುಚ್ಚಿಕೊಂಡಾಗ ಪಂಪ್ ತಳ್ಳುವ ನೀರಿಗೆ ದಾರಿ ಬೇಕಲ್ಲ, ಅದಕ್ಕೊಂದು ಬೈಪಾಸ್ ವಾಲ್ವ್ ಇದೆಯೋ ಇಲ್ಲವೋ ಮೊದಲೇ ಕೇಳಿ. ಕೊಳ್ಳುವವರಿಗೆ ಮುಖ್ಯವಾಗಿ ಬೇಕಿದ್ದ ಈ ವಿಷಯವೇ ಲೇಖನದಲ್ಲಿರಲಿಲ್ಲ.

ಇನ್ನೊಂದು, ವಾಲ್ವ್ ಅಳೆಯುವುದು ತನ್ನ ಸುತ್ತಲಿನ ಗಾಳಿಯನ್ನು ಮಾತ್ರ. ಉದ್ದನೆಯ ಪರದೆ ಅದರ ಮೇಲೆ ಬಿದ್ದಿದ್ದರೆ, ಸೋಫಾ ಅಡ್ಡ ಇದ್ದರೆ, ಅಲ್ಲೇ ಬಿಸಿ ಕಟ್ಟಿಕೊಂಡು ರೂಮು ತಣ್ಣಗಿರುವಾಗಲೇ ನೀರು ನಿಂತುಹೋಗುತ್ತದೆ. ನಾವು ಪರದೆಯನ್ನು ಒಂದು ಗೇಣು ಗಿಡ್ಡ ಮಾಡಿಸಿದೆವು, ಅರ್ಧ ದೂರು ಅಲ್ಲಿಗೇ ಮುಗಿಯಿತು.

ದೂರದ ರೂಮು ಯಾವಾಗಲೂ ತಣ್ಣಗೇ ಇದ್ದರೆ ಹೊಸ ವಾಲ್ವ್ ಕೊಳ್ಳುವ ಮುಂಚೆ ರೇಡಿಯೇಟರಿನ ಇನ್ನೊಂದು ತುದಿ ನೋಡಿ. ಅಲ್ಲಿ ಮುಚ್ಚಳದ ಕೆಳಗೆ ಲಾಕ್‌ಶೀಲ್ಡ್ ವಾಲ್ವ್ ಇರುತ್ತದೆ, ಆ ರೇಡಿಯೇಟರಿಗೆ ಎಷ್ಟು ನೀರು ಹರಿಯಬೇಕು ಅಂತ ಒಮ್ಮೆ ಹೊಂದಿಸಿ ಬಿಡುವ ವಾಲ್ವ್ ಅದು. ಅದನ್ನು ತಿರುಗಿಸಲು ಸ್ಪ್ಯಾನರ್ ಬೇಕು. ನೀರು ಸಲೀಸಾದ ದಾರಿ ಹಿಡಿಯುತ್ತದೆ. ಹಾಗಾಗಿ ಬೆಳಿಗ್ಗೆ ಎಲ್ಲಾ ವಾಲ್ವೂ ತೆರೆದಿರುವಾಗ ಪಂಪಿಗೆ ಹತ್ತಿರ ಇರುವ ರೇಡಿಯೇಟರೇ ಬಹುಪಾಲು ನುಂಗಿಕೊಳ್ಳುತ್ತದೆ. ಹತ್ತಿರದವನ್ನು ಬಿಗಿ ಮಾಡಿ ದೂರದ್ದನ್ನು ಪೂರ್ತಿ ತೆರೆದರೆ ಎಲ್ಲರಿಗೂ ಪಾಲು ಸಿಗುತ್ತದೆ. ಎಷ್ಟು ಸುತ್ತು ತಿರುಗಿಸಿದಿರಿ ಅಂತ ಬರೆದಿಟ್ಟುಕೊಳ್ಳಿ. ನಾನು ಬರೆದಿಡಲಿಲ್ಲ, ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ಖಾಲಿ ರೂಮನ್ನು ಪೂರ್ತಿ ಆಫ್ ಮಾಡಿ ಅನ್ನುವ ನಿಮ್ಮ ಲೇಖನದ ಸಲಹೆಯೂ ನನಗೆ ಅಷ್ಟು ಸರಿ ಕಾಣಲಿಲ್ಲ. ಬಾಗಿಲು ತೆರೆದಿದ್ದರೆ ಬೇರೆ ರೂಮಿನ ಬೆಚ್ಚನೆಯ ತೇವದ ಗಾಳಿ ಅಲ್ಲಿ ನುಗ್ಗಿ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ, ಆಮೇಲೆ ಬೂಷ್ಟು. ಸ್ವಲ್ಪವಾದರೂ ಬೆಚ್ಚಗಿಡಿ, ಬಾಗಿಲು ಹಾಕಿಡಿ. ಜನ ಇರುವ ರೂಮಿಗಂತೂ ಚಳಿಗಾಲದಲ್ಲಿ ಕನಿಷ್ಠ 18 ಡಿಗ್ರಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಹೇಳಿದೆ. ಬಾಯ್ಲರಿನ ಬದಲು ಹೀಟ್ ಪಂಪ್ (ಹೊರಗಿನ ಗಾಳಿಯಿಂದಲೋ ನೆಲದಿಂದಲೋ ಶಾಖ ಎಳೆದು ನೀರು ಕಾಯಿಸುವ ಯಂತ್ರ) ಇರುವ ಮನೆಗಳಲ್ಲಿ ಲೆಕ್ಕವೇ ಬೇರೆ, ಅಲ್ಲಿ ವಾಲ್ವುಗಳನ್ನು ಆದಷ್ಟು ತೆರೆದಿಟ್ಟು ನೀರನ್ನು ಹದವಾದ ಬಿಸಿಯಲ್ಲಿ ಹರಿಯಲು ಬಿಡುವುದೇ ಲಾಭ.

ನಮ್ಮ ಹಾಲಿನ ತೊಂದರೆ ಕೊನೆಗೆ ಹೇಗೆ ಸರಿಯಾಯಿತು ಅಂದರೆ, ಅಲ್ಲಿನ ವಾಲ್ವಿನ ತಲೆಯನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿದೆ. ಬೆಂಕಿಕಡ್ಡಿಗಿಂತ ಸಣ್ಣದೊಂದು ಪಿನ್ ಕಂಡಿತು. ಒತ್ತಿದರೆ ಒಳಗೆ ಹೋಗಿ ತಾನೇ ಮೇಲೆ ಬಂತು. ತಲೆ ಇಲ್ಲದಿದ್ದರೆ ಆ ವಾಲ್ವ್ ತೆರೆದೇ ಇರುತ್ತದೆ, ಹಾಗಾಗಿ ಈಗ ಹಾಲಿಗೆ ಗೋಡೆ ಮೇಲಿನ ಥರ್ಮೋಸ್ಟಾಟೇ ಯಜಮಾನ. ಅವತ್ತಿನ ರಾತ್ರಿಯಿಂದ ಬಾಯ್ಲರಿನ ಕಾಟ ತಪ್ಪಿತು. ನಿಮ್ಮಲ್ಲಿ ಪಿನ್ ಮೇಲೆ ಬರದೆ ಅಂಟಿಕೊಂಡಿದ್ದರೆ ಮೆಲ್ಲಗೆ ಒತ್ತಿ ಒತ್ತಿ ಬಿಡಿ, ಇಕ್ಕಳ ಹಾಕಿ ಎಳೆದು ಕೀಳಬೇಡಿ, ನೀರು ಚಿಮ್ಮೀತು. ಬೇಸಿಗೆಯಲ್ಲಿ ನಾಬನ್ನು ಪೂರ್ತಿ ತೆರೆದಿಟ್ಟರೆ ಹೀಗೆ ಅಂಟುವುದು ಕಡಿಮೆ.

ಬಿಚ್ಚಿದ ತಲೆ ಟೂಲ್ ಡಬ್ಬಿಯಲ್ಲಿದೆ. ಬೇರೆ ರೂಮಿನದು ಕೆಟ್ಟರೆ ಸ್ಪೇರ್ ಆಯಿತು, ಅಲ್ವಾ?

– ನಿಮ್ಮ ಓದುಗ