ಕಂತಿನ ಸುದ್ದಿ ಮೊದಲು ನಿಮ್ಮಿಂದ ಬರಲಿ: ನಮ್ಮ ಕ್ಷೇತ್ರದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಒಂದು ಮಧ್ಯಾಹ್ನ ನಮ್ಮತ್ತೆಗೆ ಫೋನ್ ಬಂತು. "ಅಮ್ಮಾ, ನಿಮ್ಮ ಗೃಹಲಕ್ಷ್ಮಿ ದುಡ್ಡು ನಿಂತಿದೆ ಅಲ್ವಾ? ಕೆವೈಸಿ ಆಗಿಲ್ಲ. ಈಗಲೇ ಮಾಡಿಕೊಡ್ತೀನಿ" ಅಂದ. ಒಳ್ಳೆಯ ಕನ್ನಡ, ಮೆತ್ತನೆಯ ಮಾತು. ಎಟಿಎಂ ಕಾರ್ಡಿನ ನಂಬರ್ ಕೇಳಿದ. ಹಿಂದಿರುವ ಮೂರು ಅಂಕಿ ಕೇಳಿದ. ಅಷ್ಟರಲ್ಲಿ ಒಂದು ಮೆಸೇಜ್ ಬಂತು. "ಇರಪ್ಪಾ, ಕನ್ನಡಕ ತರ್ತೀನಿ" ಅಂದರು ಅತ್ತೆ. "ನಿಧಾನಕ್ಕೆ ತನ್ನಿ ಅಮ್ಮಾ" ಅಂದನಂತೆ. ಒಂದೊಂದೇ ಅಂಕಿ ಬಿಡಿಸಿ ಓದಿದರು. 14,000 ರೂಪಾಯಿ ಹೋಯಿತು. ತಿಂಗಳಿಗೆ 2,000ದಂತೆ ಏಳು ಕಂತು. ಕೊಟ್ಟಿಗೆಗೆ ಶೀಟ್ ಹಾಕಿಸಬೇಕು ಅಂತ ಮುಟ್ಟದೆ ಇಟ್ಟಿದ್ದ ದುಡ್ಡು.

ಒಟಿಪಿ ಯಾರಿಗೂ ಹೇಳಬೇಡಿ ಅಂತ ಆ ಮೆಸೇಜಿನಲ್ಲೇ ಇತ್ತು. ಇಂಗ್ಲಿಷಿನಲ್ಲಿ. ಅತ್ತೆಗೆ ಓದಲು ಬಂದಿದ್ದು ಅಂಕಿ ಮಾತ್ರ.

"ಹೇಗೆ ನಂಬಿದಿರಿ?" ಅಂತ ಎಲ್ಲರೂ ಅವರನ್ನೇ ಕೇಳುತ್ತಾರೆ. ನಾನೂ ಕೇಳಿದೆ, ಕೇಳಬಾರದಿತ್ತು. ದುಡ್ಡು ನಿಂತಿರೋದು ಗೊತ್ತಿದೆ ಅಂದಮೇಲೆ ಆಫೀಸಿನವನೇ ಇರಬೇಕು ಅಂದುಕೊಂಡರು ಪಾಪ. ಆದರೆ ಆ ತಿಂಗಳು ನಮ್ಮ ಬೀದಿಯಲ್ಲಿ ಯಾರಿಗೂ ಕಂತು ಬಂದಿರಲಿಲ್ಲ. ಯಾವ ಮನೆಗೆ ಫೋನ್ ಮಾಡಿ ಹೇಳಿದ್ದರೂ ಅವನ ಮಾತು ನಿಜವೇ. ಕಂತು ತಡವಾಗಿದ್ದು ಸುದ್ದಿ ನೋಡುವ ಎಲ್ಲರಿಗೂ ಗೊತ್ತಿತ್ತು. ಯಾಕೆ ತಡ, ಯಾವಾಗ ಬರುತ್ತೆ ಅಂತ ಮಾತ್ರ ನಮ್ಮೂರಿನ ಹೆಂಗಸರಿಗೆ ಯಾರೂ ಹೇಳಿರಲಿಲ್ಲ. ಮೊದಲು ಹೇಳಿದವನು ಅವನು.

ನಾಚಿಕೆಗೆ ಅತ್ತೆ ಎರಡು ದಿನ ಬಾಯಿ ಬಿಡಲಿಲ್ಲ. ಸರಿಯಾಗಿ ಊಟವನ್ನೂ ಮಾಡಲಿಲ್ಲ. ನಾವು ಸೈಬರ್ ವಂಚನೆಯ ದೂರು ಕೊಡುವ ಸಹಾಯವಾಣಿ 1930ಕ್ಕೆ ಫೋನ್ ಮಾಡುವಷ್ಟರಲ್ಲಿ ವಂಚಕರು ದುಡ್ಡು ತೆಗೆದಾಗಿತ್ತು. ಕೂಡಲೇ ತಿಳಿಸಿದ್ದರೆ ದುಡ್ಡು ಹೋದ ಖಾತೆಯಲ್ಲೇ ಅದನ್ನು ತಡೆಯಲು ಆಗುತ್ತಿತ್ತೇನೋ. ಅಂಥ ನಂಬರ್ ಒಂದು ಇದೆ ಅನ್ನೋದೇ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಕೇಳೋದು ದೊಡ್ಡದಲ್ಲ. ಪ್ರತಿ ತಿಂಗಳು ಈ ತಿಂಗಳ ಕಂತು ಬಂದಿದೆಯಾ, ಇಲ್ಲವಾ, ಇಲ್ಲ ಅಂದ್ರೆ ಯಾಕೆ ಅಂತ ಪಂಚಾಯಿತಿ ಬೋರ್ಡಿನಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ, ಡೇರಿಯಲ್ಲಿ ಬರೆಸಿ. ಕೆಳಗೆ 1930 ಅಂತ ದಪ್ಪಕ್ಷರದಲ್ಲಿ ಹಾಕಿಸಿ. ಕಂತಿಗಾಗಿ ಫೋನಿನಲ್ಲಿ ಯಾರೂ ಒಟಿಪಿ ಕೇಳೋದಿಲ್ಲ ಅಂತಲೂ ಇರಲಿ. ಓದು ಬಾರದವರಿಗೆ ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು ಬಾಯಲ್ಲೇ ಹೇಳಲಿ. ಅವರ ಮಾತನ್ನು ನಮ್ಮೂರಲ್ಲಿ ಜಾಸ್ತಿ ನಂಬುತ್ತಾರೆ. ಬ್ಯಾಂಕಿನವರ ಜೊತೆ ಸಭೆ ಆದಾಗ, ಒಟಿಪಿ ಮೆಸೇಜು ಕನ್ನಡದಲ್ಲಿ ಬರಲಿ ಅಂತ ದಯವಿಟ್ಟು ಪಟ್ಟು ಹಿಡಿಯಿರಿ.

ಮುಂದಿನ ಗ್ರಾಮಸಭೆಗೆ ನೀವು ಬರಬೇಕು. ಅತ್ತೆಯನ್ನು ನಾನು ಕರೆತರುತ್ತೇನೆ. ಅವರು ಎದ್ದು ನಿಂತು ನಡೆದಿದ್ದನ್ನು ಎಲ್ಲರ ಮುಂದೆ ಹೇಳಲು ಒಪ್ಪಿದ್ದಾರೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು